ಪೆಟ್ಟಿಗೆಯೊಳಗೊಂದು ಮೇ ತಿಂಗಳು

ಮೇ ತಿಂಗಳ ಮಧ್ಯಾಹ್ನ ಕಾರವಾರದಲ್ಲಿ ಕರೆಂಟ್ ಹೋದರೆ ಹೇಗಿರುತ್ತದೆ ಅಂತ ಅಲ್ಲಿದ್ದವರಿಗೇ ಗೊತ್ತು. ಅಂಗಿ ಬೆನ್ನಿಗೆ ಅಂಟುತ್ತದೆ. ಕೂತಲ್ಲೇ ಬೆವರು ಇಳಿಯುತ್ತದೆ. ರಾತ್ರಿಯೂ ಉಷ್ಣತೆ ಸಾಮಾನ್ಯವಾಗಿ 26 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನಾವು ಇದನ್ನು ಸೆಕೆ ಅಂತ ಬೈಯುತ್ತೇವೆ. ಮಳೆಕಾಡಿನ ಆಮೆ ಮರಿಗೆ ಬೇಕಾದದ್ದು ಸರಿಯಾಗಿ ಇದೇ ಹವೆ. ಅದೂ ಹನ್ನೆರಡು ತಿಂಗಳು. ಆ ಹವೆಯನ್ನು ಮನೆಯೊಳಗೆ ಒಂದು ಪೆಟ್ಟಿಗೆಯಲ್ಲಿ ಕಟ್ಟುವುದು ಹೇಗೆ ಅನ್ನುವುದೇ ಈ ಬರಹ.

ನಾನಿರುವುದು ಘಟ್ಟದ ಮೇಲೆ, ಶಿರಸಿಯಲ್ಲಿ. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಕೆಂಪುಗಾಲಿನ ಆಮೆ ಮನೆಗೆ ಬಂದಾಗ ಹೊರಗೆ ಜುಲೈ ಮಳೆ ಹೊಡೆಯುತ್ತಿತ್ತು. ಇದು ದಕ್ಷಿಣ ಅಮೆರಿಕದ ಆಮೆ. ಪೇಟೆಯಲ್ಲಿ ರೆಡ್ ಫುಟ್ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ಮಳೆಗಾಲಕ್ಕೆ ಗೋಡೆಯೇ ಬೆವರುತ್ತದೆ, ಇನ್ನು ಇದಕ್ಕೆ ಬೇರೆ ತೇವ ಕೊಡಬೇಕಾ ಅಂದುಕೊಂಡೆ. ಬಾಯಿ ತೆರೆದ ಪ್ಲಾಸ್ಟಿಕ್ ಟಬ್ ಇಟ್ಟು ಮೇಲೊಂದು ಬಲ್ಬ್ ತೂಗು ಹಾಕಿದೆ. ಗೋಡೆಗೆ ಹಾಕಿದ ಮೀಟರು ತೇವಾಂಶ 90 ಅಂತ ತೋರಿಸುತ್ತಿತ್ತು. ನಾನು ಖುಷಿಯಾಗಿದ್ದೆ. ಮಳೆಗಾಲ ಮುಗಿದು ದೀಪಾವಳಿ ಹೊತ್ತಿಗೆ ನೋಡಿದರೆ ಚಿಪ್ಪಿನ ಒಂದೊಂದು ಬಿಲ್ಲೆಯೂ ಸಣ್ಣ ಗೋಪುರದ ಹಾಗೆ ಮೇಲೆದ್ದಿತ್ತು.

ತಪ್ಪಿದ್ದದ್ದು ಲೆಕ್ಕದಲ್ಲಿ. ಗಾಳಿ ಬಿಸಿಯಾದಂತೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಿನ ಪ್ರಮಾಣ ಹೆಚ್ಚುತ್ತದೆ. ಇರುವ ನೀರು ಅಷ್ಟೇ. ಆದ್ದರಿಂದ ಶೇಕಡಾವಾರು ಕೆಳಗೆ ಬೀಳುತ್ತದೆ. ಹೊರಗೆ 22 ಡಿಗ್ರಿಯಲ್ಲಿ ಶೇ 90 ತೇವ ಇರುವ ಗಾಳಿಯನ್ನು ಬಲ್ಬ್ ಹಚ್ಚಿ 29 ಡಿಗ್ರಿಗೆ ತಂದರೆ ಅದೇ ಗಾಳಿ ಶೇ 60ಕ್ಕೆ ಇಳಿಯುತ್ತದೆ. ಜನವರಿ ಬೆಳಗಿನ ಜಾವದ 15 ಡಿಗ್ರಿ ಗಾಳಿಯಾದರೆ ಶೇ 40ರ ಆಚೀಚೆ. ಅಂದರೆ ಮಳೆನಾಡಿನ ನಟ್ಟನಡುವೆ ನಾನು ನನ್ನ ಆಮೆಗೆ ಒಂದು ಸಣ್ಣ ಬಯಲುಸೀಮೆ ಕಟ್ಟಿಕೊಟ್ಟಿದ್ದೆ. ಹಾಗಂತ ಬಲ್ಬ್ ಆರಿಸಿಬಿಟ್ಟರೆ ಇನ್ನೂ ಕೆಟ್ಟದ್ದು. ಥಂಡಿ ಮತ್ತು ತೇವ ಒಟ್ಟಿಗೆ ಬಂದರೆ ಆಮೆಯ ಶ್ವಾಸಕೋಶಕ್ಕೆ ಪೆಟ್ಟು. ಬೆಚ್ಚಗೂ ಇರಬೇಕು, ಹಸಿಯೂ ಇರಬೇಕು. ಇದಕ್ಕೆ ದಾರಿ ಒಂದೇ: ಮುಚ್ಚಿದ ಪೆಟ್ಟಿಗೆ.

ಚಿಪ್ಪು ಗೋಪುರವಾಗುವುದಕ್ಕೆ ಬೇಳೆಕಾಳು, ಪ್ರೋಟೀನ್ ಜಾಸ್ತಿ ಕೊಟ್ಟದ್ದೇ ಕಾರಣ ಅಂತ ಹಿಂದೆ ಹೇಳುತ್ತಿದ್ದರು. 2003ರಲ್ಲಿ ವೀಸ್ನರ್ ಮತ್ತು ಈಬನ್ ಎಂಬ ಸಂಶೋಧಕರು ಆಫ್ರಿಕಾದ ಸುಲ್ಕಾಟಾ ಆಮೆ ಮರಿಗಳನ್ನು ಬೇರೆಬೇರೆ ತೇವಾಂಶದಲ್ಲಿ, ಬೇರೆಬೇರೆ ಆಹಾರ ಕೊಟ್ಟು ಬೆಳೆಸಿ ನೋಡಿದರು. ಒಣ ಗಾಳಿಯ ಮರಿಗಳ ಚಿಪ್ಪು ಹೆಚ್ಚು ಉಬ್ಬಿತ್ತು. ಪ್ರೋಟೀನಿನ ಪಾತ್ರ ಸಣ್ಣದು. ಒಮ್ಮೆ ಎದ್ದ ಗೋಪುರ ಮತ್ತೆ ಕೂರುವುದಿಲ್ಲ, ಹೊಸ ಬೆಳವಣಿಗೆಯನ್ನು ಮಾತ್ರ ನಯ ಮಾಡಬಹುದು. ಅದಕ್ಕೇ ಮೊದಲ ಎರಡು ವರ್ಷ ಮುಖ್ಯ.

ಮೊದಲು ಕಾಗದ

ನಮ್ಮ ನಕ್ಷತ್ರ ಆಮೆಯನ್ನು ಸಾಕುವಂತಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಯಾರು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ. ಘಟ್ಟದ ಕಾಡಾಮೆಯನ್ನಾಗಲಿ, ಬಾವಿಯಲ್ಲಿ ಸಿಕ್ಕ ಕಪ್ಪು ಆಮೆಯನ್ನಾಗಲಿ ತಂದು ಪೆಟ್ಟಿಗೆಯಲ್ಲಿ ಇಡಬೇಡಿ. ಹೊನ್ನಾವರದ ಟೊಂಕಾ ಕಡೆ ಮರಳಿನಲ್ಲಿ ಕಾಣುವ ಮರಿಗಳಂತೂ ಕಡಲಾಮೆಗಳು. ಅವು ಹೋಗಬೇಕಾದದ್ದು ನೀರಿಗೆ, ನಮ್ಮ ಮನೆಗಲ್ಲ. ಕೆಂಪುಗಾಲಿನದು, ಸುಲ್ಕಾಟಾ ಮುಂತಾದ ಹೊರದೇಶದ ಆಮೆಗಳನ್ನು ಸಾಕಬಹುದು, ಆದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಮಾರುವವರ ಹತ್ತಿರ ಕಾಗದ ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಸುಲ್ಕಾಟಾ ಬೆಳೆದರೆ 40–50 ಕಿಲೋ ದಾಟಬಹುದು, ಅದನ್ನೂ ನೆನಪಿಡಿ.

ಪೆಟ್ಟಿಗೆ

ಮರಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಸಾಕು. ಎಂಟಕ್ಕೆ ನಾಲ್ಕರ ಒಂದು ಮರೈನ್ ಪ್ಲೈ ಹಾಳೆ ತನ್ನಿ, 12 ಮಿಲಿಮೀಟರಿನದು. ತಳ, ಮುಚ್ಚಳ, ಹಿಂಬದಿ, ಎರಡು ಪಕ್ಕ ಎಲ್ಲ ಸೇರಿ 32 ಚದರ ಅಡಿ. ಹಾಳೆಯೂ ಅಷ್ಟೇ ಇರುತ್ತದೆ. ಗರಗಸಕ್ಕೆ ಹೋಗುವುದನ್ನು ಆಚಾರಿಯವರು ಹೊಂದಿಸಿಕೊಳ್ಳುತ್ತಾರೆ. ಮುಂದಿನ ಬದಿಗೆ ಕೆಳಗೆ ಆರು ಇಂಚಿನ ಹಲಗೆ, ಅದರ ಮೇಲೆ ಚಾನೆಲ್‌ನಲ್ಲಿ ಜಾರುವ ಅಕ್ರಿಲಿಕ್ ಹಾಳೆ. ಆ ಹಲಗೆ ಮಣ್ಣು ತಡೆಯುವುದಕ್ಕೆ ಮಾತ್ರ ಅಲ್ಲ. ಆಮೆಗೆ ಪಾರದರ್ಶಕ ಗೋಡೆ ಅರ್ಥವಾಗುವುದಿಲ್ಲ. ಆಚೆ ಕಾಣುತ್ತದಲ್ಲ ಅಂತ ದಿನವಿಡೀ ಅದಕ್ಕೇ ಮೂತಿ ತಿಕ್ಕುತ್ತದೆ.

ಒಳಗೆ ವಾಟರ್‌ಪ್ರೂಫ್ ಬಣ್ಣ ಅಥವಾ ಎಪಾಕ್ಸಿ ಮೂರು ಕೋಟ್ ಹೊಡೆಸಿ. ಸಂದಿಗಳಿಗೆ ಸಿಲಿಕೋನ್ ತುಂಬಿಸಿ. ಆಮೇಲೆ ಎರಡು ವಾರ ಬಾಗಿಲು ತೆಗೆದಿಟ್ಟು ಬಿಡಿ. ಮೂಗು ಹಾಕಿದರೆ ಬಣ್ಣದ ವಾಸನೆ ಬರಬಾರದು. ಗಾಳಿಗೆ ಒಂದು ಪಕ್ಕದಲ್ಲಿ ಕೆಳಗೆ, ಇನ್ನೊಂದು ಪಕ್ಕದಲ್ಲಿ ಮೇಲೆ ಒಂದೊಂದು ಇಂಚಿನ ತೂತು ಸಾಕು.

ಕಾರವಾರದಲ್ಲಿ ನನ್ನ ಅಕ್ಕ ಮೀನಿನ ಥರ್ಮಾಕೋಲ್ ಪೆಟ್ಟಿಗೆ ಸಾಕಾಗುವುದಿಲ್ಲವಾ ಅಂತ ಕೇಳಿದ್ದಳು. ಬಿಸಿ ಹಿಡಿದಿಡುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ, ನಿಜ. ಆದರೆ ಆಮೆ ಅದನ್ನು ಕಚ್ಚಿ ನುಂಗುತ್ತದೆ. ಬಲ್ಬಿನ ಹತ್ತಿರ ಬೆಂಕಿಯ ಭಯ ಬೇರೆ. ಬೇಕಾದರೆ ಥರ್ಮಾಕೋಲ್ ಹಾಳೆಯನ್ನು ಪೆಟ್ಟಿಗೆಯ ಹೊರಗಡೆ ಅಂಟಿಸಿ. ಘಟ್ಟದ ಮೇಲಿನವರು ಇದನ್ನು ಮಾಡಲೇಬೇಕು.

ಪೆಟ್ಟಿಗೆ ಇಡುವ ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ. ಇರುವೆಗಳಿಗೆ ಈ ಪೆಟ್ಟಿಗೆ ಅಂದರೆ ಮದುವೆ ಮನೆ.

ಹಾಸು

ತಳಕ್ಕೆ ಹಾಸಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಎಲ್ಲಕ್ಕಿಂತ ಒಳ್ಳೆಯದು. ಐದು ಕಿಲೋದ ಒಂದು ಇಟ್ಟಿಗೆ ನೆನೆಸಿದರೆ ಸುಮಾರು 70 ಲೀಟರ್ ಆಗುತ್ತದೆ. ನಮ್ಮ ಪೆಟ್ಟಿಗೆಯ ತಳಕ್ಕೆ ಹತ್ತು ಸೆಂಟಿಮೀಟರ್ ದಪ್ಪಕ್ಕೆ ಅಷ್ಟೇ ಬೇಕು. ಒಂದೇ ಎಚ್ಚರಿಕೆ: ಕರಾವಳಿಯಲ್ಲಿ ಕಾಯಿಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕುವ ರೂಢಿ ಇದೆ. ಆ ನಾರಿನ ಪುಡಿಯಲ್ಲಿ ಉಪ್ಪು ಕೂತಿರುತ್ತದೆ. ಪುಕ್ಕಟೆ ಸಿಕ್ಕಿತು ಅಂತ ನಾನೊಮ್ಮೆ ತಂದು ಹಾಸಿದೆ, ವಾರದಲ್ಲಿ ಮೇಲೆ ಬಿಳಿ ಪೊರೆ ಬಂತು. ಅಂಗಡಿಯ ಇಟ್ಟಿಗೆಯನ್ನೂ ಮೂರು ನೀರಿನಲ್ಲಿ ತೊಳೆದು ಹಿಂಡಿಯೇ ಬಳಸಿ. ಮರಳು, ಮರದ ಹೊಟ್ಟು, ಪತ್ರಿಕೆ ಕಾಗದ ಬೇಡವೇ ಬೇಡ.

ಎಷ್ಟು ಹಸಿ ಇರಬೇಕು? ಎರಡನೇ ಸಲ ಹಾಲು ಹಿಂಡಿದ ಕಾಯಿತುರಿ ನೆನಪಿಸಿಕೊಳ್ಳಿ. ಮುಷ್ಟಿ ಬಿಗಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಒಣಗುತ್ತಾ ಬಂದಾಗ ಮೇಲಿನಿಂದ ಚಿಮುಕಿಸಬೇಡಿ. ಚಿಮುಕಿಸಿದ ನೀರು ಗಂಟೆಯಲ್ಲಿ ಆರಿಹೋಗುತ್ತದೆ, ಆಮೆಯ ಹೊಟ್ಟೆ ಮಾತ್ರ ಸದಾ ಒದ್ದೆ. ಹೊಟ್ಟೆ ಕಡೆಯ ಚಿಪ್ಪು ಕೊಳೆಯುವುದು ಹಾಗೇ. ಪೆಟ್ಟಿಗೆಯ ನಾಲ್ಕು ಮೂಲೆಗೂ ಒಂದೊಂದು ಲೋಟ ಬೆಚ್ಚಗಿನ ನೀರು ಹೊಯ್ಯಿರಿ. ನೀರು ತಳಕ್ಕೆ ಇಳಿದು ಅಲ್ಲಿಂದ ನಿಧಾನವಾಗಿ ಆವಿಯಾಗುತ್ತದೆ. ಅಡಿ ಹಸಿ, ಮೇಲ್ಪದರ ಆರಿದ್ದು. ತೇವ ಬೇರೆ, ಒದ್ದೆ ಬೇರೆ, ಅಲ್ವಾ?

ಮೇಲೆ ಒಂದು ಹಿಡಿ ದರಕು ಹರಡಿದರೆ ಮರಿ ಅದರೊಳಗೆ ಹುದುಗಿ ಮಲಗುತ್ತದೆ. ಹಲಸಿನ, ಮಾವಿನ ಒಣಗಿದೆಲೆ ಆಗಬಹುದು. ಗೇರೆಲೆ ಬೇಡ, ಔಷಧಿ ಹೊಡೆದ ತೋಟದ್ದೂ ಬೇಡ.

ಬಿಸಿ ಮತ್ತು ಬೆಳಕು

ಬಿಸಿಗೆ ಸೆರಾಮಿಕ್ ಹೀಟರ್ ಬಲ್ಬ್ ಬಳಸಿ. ಅದು ಬೆಳಗುವುದಿಲ್ಲ, ಬರೀ ಕಾಯುತ್ತದೆ. ರಾತ್ರಿಯೂ ಉರಿಸಬಹುದು, ಮರಿಯ ನಿದ್ದೆ ಕೆಡುವುದಿಲ್ಲ. ಕಾರವಾರಕ್ಕೆ 60 ವಾಟ್, ಶಿರಸಿಗೆ 100 ವಾಟ್ ಅಂದಾಜು ಸರಿ. ಹೋಲ್ಡರ್ ಪಿಂಗಾಣಿಯದ್ದೇ ಆಗಬೇಕು, ಪ್ಲಾಸ್ಟಿಕ್ಕಿನದು ಕರಗುತ್ತದೆ. ತೂಗು ಹಾಕಲು ಕಬ್ಬಿಣದ ಸರಪಳಿ ಅಥವಾ ತಂತಿ ಬಳಸಿ. ಬಂದರಿನ ಊರಲ್ಲಿ ಕೈಗೆ ಮೊದಲು ಸಿಗುವುದು ನೈಲಾನ್ ಬಲೆದಾರ, ಅದನ್ನು ಇಲ್ಲಿ ಮುಟ್ಟಬೇಡಿ. ಹೀಟರಿನಿಂದ ಪ್ಲೈಗೂ ಆಮೆಯ ಬೆನ್ನಿಗೂ ಕನಿಷ್ಠ ಒಂದು ಗೇಣು ದೂರ ಇರಲಿ.

ಹೀಟರನ್ನು ನೇರ ಪ್ಲಗ್ಗಿಗೆ ಹಾಕಬಾರದು. ನಡುವೆ ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿಕೊಂಡು ಹೀಟರನ್ನು ತಾನೇ ಹಚ್ಚಿ ಆರಿಸುವ ಸಾಧನ, ಬೇಕು. ಕೋಳಿಮರಿ ಮಾಡಿಸುವ ಇನ್‌ಕ್ಯುಬೇಟರ್‌ಗೆ ಹಾಕುವ ಡಿಜಿಟಲ್ ಥರ್ಮೋಸ್ಟಾಟ್ ಕಡಿಮೆ ಬೆಲೆಗೆ ಸಿಗುತ್ತದೆ, ಕೆಲಸವೂ ಸರಿ ಮಾಡುತ್ತದೆ. ಬಿಸಿ ಅಳೆಯುವ ಅದರ ಮೂತಿಯನ್ನು ಆಮೆಯ ಎತ್ತರದಲ್ಲಿ ಕಟ್ಟಿ. ಹಗಲು 29–30, ರಾತ್ರಿ 26ಕ್ಕಿಂತ ಕಡಿಮೆ ಬೇಡ. ಹೀಟರು ಒಂದು ತುದಿಯಲ್ಲಿರಲಿ, ಇನ್ನೊಂದು ತುದಿ ಎರಡು ಮೂರು ಡಿಗ್ರಿ ತಂಪಿರಲಿ. ಎಲ್ಲಿ ಕೂರಬೇಕು ಅಂತ ಅದೇ ತೀರ್ಮಾನಿಸುತ್ತದೆ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಸುತ್ತು ಇಳಿಸಿ ಮತ್ತೆ ಮೇಲೆ ತನ್ನಿ. ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಕಡಲ ಗಾಳಿಗೆ ಪ್ಲಗ್ಗಿನ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ತಿಂಗಳಿಗೊಮ್ಮೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಒರೆಸಿ.

ಬೆಳಕಿಗೆ ಯುವಿಬಿ ಟ್ಯೂಬ್, ಅಂದರೆ ಬಿಸಿಲಲ್ಲಿರುವ ನೇರಳಾತೀತ ಕಿರಣ ಕೊಡುವ ಟ್ಯೂಬ್, ದಿನಕ್ಕೆ 12 ಗಂಟೆ. ಇದಿಲ್ಲದೆ ಡಿ ವಿಟಮಿನ್ ಇಲ್ಲ, ಅದಿಲ್ಲದೆ ಸುಣ್ಣದ ಅಂಶ ಮೂಳೆಗೆ ಸೇರುವುದಿಲ್ಲ. ಟ್ಯೂಬು ಪೆಟ್ಟಿಗೆಯ ಒಳಗೇ ಇರಬೇಕು, ಗಾಜು ಈ ಕಿರಣವನ್ನು ತಡೆಯುತ್ತದೆ. ವರ್ಷಕ್ಕೊಮ್ಮೆ ಬದಲಿಸಿ. ಬೆಳಕು ಕಂಡರೂ ಕಿರಣ ಮುಗಿದಿರುತ್ತದೆ. ಬಿಸಿಲಿದ್ದ ದಿನ ಬೆಳಿಗ್ಗೆ ಅರ್ಧ ಗಂಟೆ ಅಂಗಳದಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು. ಆದರೆ ಮೇಲೆ ಜಾಲರಿ, ಪಕ್ಕದಲ್ಲಿ ನೆರಳು, ನೀವು ಅಲ್ಲೇ. ಕಾಗೆಗೆ ಒಂದು ನಿಮಿಷ ಸಾಕು.

ಅಳತೆ

ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ತೇವಾಂಶ ಮೀಟರನ್ನು ಕಣ್ಣು ಮುಚ್ಚಿ ನಂಬಬೇಡಿ. ಒಂದು ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ. ನಾಲ್ಕು ಹನಿ ನೀರು ಬಿಟ್ಟು ಗಂಜಿಯ ಹದ ಮಾಡಿ. ಅದನ್ನೂ ಮೀಟರನ್ನೂ ಜಿಪ್ ಚೀಲದಲ್ಲಿಟ್ಟು ಭದ್ರವಾಗಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 68 ತೋರಿಸಿದರೆ ಇನ್ನು ಮೇಲೆ ಏಳು ಸೇರಿಸಿ ಓದಿ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಕಲ್ಲುಪ್ಪು ಉಪ್ಪಿನಕಾಯಿಗೆ ಎಷ್ಟು ಚೆಂದವೋ ಇದಕ್ಕೆ ಅಷ್ಟೇ ದಂಡ. ಅದರಲ್ಲಿ ಬೇರೆ ಲವಣಗಳೂ ಇರುವುದರಿಂದ ಲೆಕ್ಕ ತಪ್ಪುತ್ತದೆ.

ಮೀಟರು ಪೆಟ್ಟಿಗೆಯೊಳಗೆ ಇರಲಿ. ನನ್ನ ಹಾಗೆ ಗೋಡೆಗೆ ಹಾಕಬೇಡಿ. ಶೇ 80ರ ಆಸುಪಾಸು ಬೇಕು. ಮುಖ್ಯ ಮಾತು: ಎಲ್ಲ ಜೋಡಿಸಿ, ಮೂರು ದಿನ ಖಾಲಿ ಪೆಟ್ಟಿಗೆ ಓಡಿಸಿ ನೋಡಿ. ಬೆಳಗಿನ ಜಾವವೂ ಎದ್ದು ಓದಿ. ಅಂಕಿ ನಿಂತ ಮೇಲೇ ಮರಿ ಒಳಗೆ ಹೋಗಲಿ.

ನಾನು ನಡುರಾತ್ರಿ ಟಾರ್ಚ್ ಹಿಡಿದು ಪೆಟ್ಟಿಗೆ ಇಣುಕುವುದನ್ನು ನೋಡಿ ನಮ್ಮ ಆಯಿ, "ಇದೆಂತ ತಮಾ, ಆಮೆಗೂ ಬಾಣಂತನವಾ?" ಅಂತ ನಕ್ಕಿದ್ದಳು. ಬೆಚ್ಚಗಿನ ಕತ್ತಲೆ ಕೋಣೆ, ಬಿಸಿನೀರು, ಗಾಳಿ ತಾಗದ ಹಾಗೆ ಮುಚ್ಚಿಡುವುದು. ಹೆಚ್ಚು ಕಡಿಮೆ ಅದೇ.

ದಿನದ ಕೆಲಸ

ಅಡಗಲು ತಂಪಿನ ತುದಿಯಲ್ಲಿ ಅರ್ಧ ಒಡೆದ ಮಡಕೆ ಕವುಚಿಡಿ. ತೀರಾ ಸಣ್ಣ ಮರಿಗೆ ಬಾಗಿಲು ಕೊರೆದ ದೊಡ್ಡ ತೆಂಗಿನ ಕರಟವೂ ಸಾಕು. ನೀರಿಗೆ ಹೂಕುಂಡದ ಅಡಿಯ ಮಣ್ಣಿನ ತಟ್ಟೆ ಇಡಿ. ಅಂಚು ತಗ್ಗಿದ್ದರೆ ಮರಿ ಮಗುಚಿ ಬಿದ್ದು ಮುಳುಗುವ ಭಯವಿಲ್ಲ. ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ಕೂರಿಸಿ. ಮೇಲಿನ ಚಿಪ್ಪೂ ಕೆಳಗಿನ ಚಿಪ್ಪೂ ಸೇರುವ ಗೆರೆಯವರೆಗೆ ನೀರಿರಲಿ. ಅಲ್ಲೇ ಕುಡಿಯುತ್ತದೆ, ಹೊಟ್ಟೆಯನ್ನೂ ಅಲ್ಲೇ ಖಾಲಿ ಮಾಡುತ್ತದೆ. ಪೆಟ್ಟಿಗೆ ಚೊಕ್ಕವಾಗಿರುವುದು ಅದರಿಂದಲೇ.

ತಿನ್ನಲು ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ನುಗ್ಗೆಸೊಪ್ಪು. ಕೆಂಪುಗಾಲಿನದಾದರೆ ವಾರಕ್ಕೆರಡು ಸಲ ಪಪ್ಪಾಯಿ ಚೂರು ಕೊಡಬಹುದು. ಸುಲ್ಕಾಟಾಕ್ಕೆ ಹಣ್ಣು ಬೇಡ, ಹುಲ್ಲು ಬೇಕು. ಸುಣ್ಣದಂಶಕ್ಕೆ ದಡದಲ್ಲಿ ಸಿಗುವ ಬಿಳಿ ಹಗುರ ಸಮುದ್ರನೊರೆ, ಅಂದರೆ ಕಪ್ಪೆಬೊಂಡಾಸ್ (ಕಟಲ್‌ಫಿಶ್) ಎಂಬ ಕಡಲಜೀವಿಯ ಬೆನ್ನೆಲುಬಿನಂಥ ತುಂಡು, ತಂದು ಎರಡು ದಿನ ಸಿಹಿನೀರಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಿ. ಪೆಟ್ಟಿಗೆಯಲ್ಲಿಟ್ಟರೆ ಬೇಕಾದಾಗ ಕಡಿದುಕೊಳ್ಳುತ್ತದೆ.

ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಊದಿದ ಕಣ್ಣು ಕಂಡರೆ ಮನೆಮದ್ದು ಬೇಡ. ಪಶುವೈದ್ಯರ ಹತ್ತಿರ ಹೋಗಿ. ಹೋಗುವಾಗಲೂ ಪೆಟ್ಟಿಗೆಯಲ್ಲಿ ಬಿಸಿ ಇರಲಿ.

ಕರೆಂಟ್ ಹೋದಾಗ

ಜುಲೈಯಲ್ಲಿ ಮರ ಬಿದ್ದರೆ ನಮ್ಮ ಕಡೆ ಕರೆಂಟು ಬರುವುದು ಮರುದಿನವೇ. ಹೀಟರನ್ನು ಮನೆಯ ಇನ್ವರ್ಟರ್ ಕೆಲವು ಗಂಟೆ ಎಳೆಯುತ್ತದೆ, ಫ್ಯಾನು ಟಿವಿ ಆರಿಸಿದರೆ ಇನ್ನೂ ಜಾಸ್ತಿ. ಅದೂ ಮುಗಿದರೆ ಬಚ್ಚಲ ಹಂಡೆ ಇದೆಯಲ್ಲ. ಎರಡು ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಟವೆಲ್ ಸುತ್ತಿ, ಪೆಟ್ಟಿಗೆಯ ಒಂದೇ ತುದಿಯಲ್ಲಿ ಇಡಿ. ಗಾಳಿಯ ತೂತು ಬಿಟ್ಟು ಹೊರಗೆಲ್ಲ ಕಂಬಳಿ ಹೊದಿಸಿ. ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಿ. ಕರೆಂಟ್ ಬಂದ ಕೂಡಲೇ ಬಾಟಲಿ ಹೊರಗೆ ತೆಗೆಯಿರಿ. ಆರಿದ ಬಾಟಲಿ ಒಳಗೇ ಉಳಿದರೆ ಹೀಟರಿನ ಬಿಸಿಯನ್ನು ಅದೇ ಕುಡಿಯುತ್ತಾ ಕೂರುತ್ತದೆ.