ಕರುಳಿನ ಕಾಯಿಲೆಗೆ ನಾಲ್ಕೈದು ಡಾಕ್ಟರು, ಒಂದೇ ನೋಟ್‌ಬುಕ್

ನಾನು ದಾವಣಗೆರೆಯ ಹೈಸ್ಕೂಲ್ ಟೀಚರ್. ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳು ಉರಿದು ಹುಣ್ಣಾಗಿ ರಕ್ತ ಬೀಳುವ ಕಾಯಿಲೆ, ಶುರುವಾಗಿ ಒಂಬತ್ತು ವರ್ಷ ಆಯಿತು. ಮೂರನೇ ವರ್ಷ ಮಂಡಿ ನೋವು ಅಂತ ಒಂದು ಕ್ಲಿನಿಕ್‌ಗೆ ಹೋದೆ. ಡೈಕ್ಲೋಫೆನಾಕ್ ಕೊಟ್ಟರು. ಕರುಳಿನ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹತ್ತು ದಿನಕ್ಕೆ ಮತ್ತೆ ರಕ್ತ ಬೀಳತೊಡಗಿತು. ಇಂಥ ನೋವಿನ ಮಾತ್ರೆಗಳು ಕರುಳನ್ನು ಕೆರಳಿಸಬಹುದು, ಕೀಲು ನೋವು ಈ ಕಾಯಿಲೆಯಿಂದಲೇ ಬರಬಹುದು ಅಂತ ಆಮೇಲೆ ತಿಳಿಯಿತು.

ಎಲ್ಲ ಡಾಕ್ಟರು ಒಂದೇ ಕಡೆ ಸಿಗುವ ಊರು ನಮ್ಮದಲ್ಲ. ಅವರನ್ನು ಜೋಡಿಸುವ ಕೆಲಸ ನಾವೇ ಮಾಡಬೇಕು. ಒಂದು ಲಾಂಗ್ ನೋಟ್‌ಬುಕ್ ತಗೊಳ್ಳಿ. ಮೊದಲ ಪುಟದಲ್ಲಿ ಕಾಯಿಲೆ ಹೆಸರು, ಶುರುವಾದ ವರ್ಷ, ಈಗಿನ ಮಾತ್ರೆ, ಡೋಸ್, ಕೊನೆಯ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ದಿನ ಬರೆಯಿರಿ. ಹಲ್ಲಿನ ಡಾಕ್ಟರ್ ಆದರೂ ಸರಿ, ಮಾತಿಗೆ ಮೊದಲು ಆ ಪುಟ ತೋರಿಸಿ.

ಮುಖ್ಯ ಡಾಕ್ಟರ್ ಗ್ಯಾಸ್ಟ್ರೋ, ಅಂದರೆ ಹೊಟ್ಟೆ-ಕರುಳಿನ ತಜ್ಞರೇ. "ಕಣ್ಣು ಕೆಂಪಾದರೆ, ಜ್ವರ ಬಂದರೆ ಯಾರಿಗೆ ಫೋನ್ ಮಾಡಲಿ?" ಅಂತ ನೇರವಾಗಿ ಕೇಳಿ, ನಂಬರ್ ಬರೆದುಕೊಳ್ಳಿ.

ಅಜಥಯೋಪ್ರಿನ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ) ಶುರು ಮಾಡಿದರೆ ರಕ್ತ ಪರೀಕ್ಷೆ ತಪ್ಪಿಸಲೇಬೇಡಿ. ಬಿಳಿ ರಕ್ತಕಣ, ಲಿವರ್ ಎರಡನ್ನೂ ನೋಡುತ್ತಾರೆ. ಮೊದಲು ಬೇಗಬೇಗ, ಆಮೇಲೆ ಸುಮಾರು 3 ತಿಂಗಳಿಗೊಮ್ಮೆ. ನಮ್ಮ ಜನರಲ್ಲಿ ಕೆಲವರಿಗೆ ವಂಶವಾಹಿಯ ಕಾರಣಕ್ಕೆ ಬಿಳಿ ಕಣ ತುಂಬಾ ಇಳಿದುಬಿಡುತ್ತದೆ. ಎನ್‌ಯುಡಿಟಿ15 ಅನ್ನುವ ವಂಶವಾಹಿಯ ಪರೀಕ್ಷೆ ಬೇಕಾ ಅಂತ ಮಾತ್ರೆಗೆ ಮುಂಚೆಯೇ ಕೇಳಿ. ನಾನು ಪ್ರತಿ ಸಲದ ರಕ್ತ ಪರೀಕ್ಷೆಯನ್ನು ಊರಿನ ಲ್ಯಾಬ್‌ನಲ್ಲೇ ಮಾಡಿಸಿ, ಮನೆ ಡಾಕ್ಟರಿಗೆ ತೋರಿಸಿ, ಗ್ಯಾಸ್ಟ್ರೋ ಅವರಿಗೆ ವಾಟ್ಸಾಪ್ ಮಾಡುತ್ತೇನೆ. ಇನ್‌ಫ್ಲಿಕ್ಸಿಮಾಬ್ ಇಂಜೆಕ್ಷನ್ (ಇದೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ) ಕೊಡುತ್ತೇವೆ ಅಂದರೆ ಮೊದಲು ಟಿಬಿ, ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು. ಮೈಯಲ್ಲಿ ಅಡಗಿರುವ ಟಿಬಿ ಆಮೇಲೆ ಎದ್ದು ಬರಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ.

ಡಯಟೀಷಿಯನ್ ಹತ್ತಿರ ಹೋಗುವಾಗ ಏಳು ದಿನದ ಊಟ ಬರೆದುಕೊಂಡು ಹೋಗಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದಿದ್ದರೆ ಅದನ್ನೂ ಬರೆಯಿರಿ. ನೆಂಟರು ಅದು ಬೇಡ, ಇದು ಬೇಡ ಅಂದದ್ದನ್ನೆಲ್ಲ ಬಿಟ್ಟು ನಾನು ಆರು ಕೆಜಿ ಇಳಿದಿದ್ದೆ. ಕರುಳು ಕೆರಳಿದಾಗ ಮೆತ್ತಗಿನ ಅನ್ನ, ಮೊಟ್ಟೆ ಸಾಕು, ಶಾಂತವಾದ ಮೇಲೆ ಸ್ವಲ್ಪಸ್ವಲ್ಪವಾಗಿ ರೊಟ್ಟಿ, ಪಲ್ಯಕ್ಕೆ ಬನ್ನಿ ಅಂದರು ಅವರು.

ಬಸ್ ಹತ್ತಲೂ ಹೆದರಿಕೆ, ರಾತ್ರಿ ನಿದ್ದೆ ಇಲ್ಲ ಅನ್ನುವುದನ್ನೂ ಡಾಕ್ಟರಿಗೆ ಹೇಳಿ, ಕೌನ್ಸೆಲರ್ ಹೆಸರು ಕೇಳಿ. ನಾನು ಎರಡು ವರ್ಷ ಸುಮ್ನೆ ನುಂಗಿಕೊಂಡೆ, ನೀವು ಹಾಗೆ ಮಾಡಬೇಡಿ.

ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ: ದಿನಕ್ಕೆ ಆರು ಸಲ ಅಥವಾ ಜಾಸ್ತಿ ರಕ್ತ ಭೇದಿ, ಜೊತೆಗೆ ಜ್ವರ ಅಥವಾ ಎದೆಬಡಿತ ಜೋರಾದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ. ಆ ಪುಟದ ಫೋಟೋ ನಮ್ಮ ಯಜಮಾನರ ಮೊಬೈಲಿನಲ್ಲೂ ಇದೆ.