ಬೆಕ್ಕಿಗೆ ಫ್ಲೂ ಬಂದರೆ: ಮೊದಲು ಮೂಗು, ಆಮೇಲೆ ಊಟ

ಬೆಕ್ಕು ಒಂದೆರಡು ಸಲ ಸೀನಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಸೀನು ನಿಲ್ಲದೆ, ಕಣ್ಣಲ್ಲಿ ಗೀಜು ಕಟ್ಟಿ, ತಟ್ಟೆಯನ್ನು ಮೂಸಿ ಹಾಗೇ ವಾಪಸ್ ಹೋಗುತ್ತಿದ್ದರೆ ಕ್ಯಾಟ್ ಫ್ಲೂ ಇರಬಹುದು. ಹೆಚ್ಚಿನ ಸಲ ಇದರ ಹಿಂದಿರುವುದು ಎರಡು ವೈರಸ್. ಬೆಕ್ಕಿನ ಹರ್ಪಿಸ್ ವೈರಸ್ ಕಣ್ಣು, ಮೂಗನ್ನು ಕಾಡುತ್ತದೆ. ಕ್ಯಾಲಿಸಿವೈರಸ್ ಬಂದರೆ ನಾಲಿಗೆ ಮೇಲೆ ಹುಣ್ಣಾಗಿ ಜೊಲ್ಲು ಸುರಿಯುತ್ತದೆ, ಕೆಲವು ಮರಿಗಳು ಕುಂಟುವುದೂ ಉಂಟು. ಹೆದರಬೇಡಿ, ಈ ಎರಡು ವೈರಸ್ ನಮಗೆ ಅಂಟುವುದಿಲ್ಲ.

ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಕಾಯಿಲೆಯದ್ದನ್ನು ಮೊದಲು ಬೇರೆ ಕೋಣೆಗೆ ಹಾಕಿ. ತಟ್ಟೆ, ನೀರಿನ ಬಟ್ಟಲು, ಮರಳಿನ ಟ್ರೇ ಎಲ್ಲ ಬೇರೆ. ಚೆನ್ನಾಗಿರುವ ಬೆಕ್ಕುಗಳ ಕೆಲಸ ಮುಗಿಸಿ, ಕೊನೆಗೆ ಇದರ ಹತ್ತಿರ ಹೋಗಿ. ನಿಮ್ಮ ಕೈ, ಬಟ್ಟೆಯಿಂದಲೂ ವೈರಸ್ ಹರಡುತ್ತದೆ.

ಆಮೇಲೆ ಮೂಗು. ಬಚ್ಚಲುಮನೆಯ ಬಾಗಿಲು ಹಾಕಿ ಬಿಸಿನೀರು ಬಿಟ್ಟು, ಹಬೆ ತುಂಬಿದ ಮೇಲೆ ಬೆಕ್ಕಿನ ಜೊತೆ 10-15 ನಿಮಿಷ ಕೂತುಕೊಳ್ಳಿ. ಆ ಹಬೆಗೆ ನೀಲಗಿರಿ ಎಣ್ಣೆ, ಕರ್ಪೂರ, ವಿಕ್ಸ್ ಯಾವುದೂ ಬೇಡ. ನಮಗೆ ಹಿತವಾದದ್ದು ಬೆಕ್ಕಿಗೆ ವಿಷ. ಕಣ್ಣಿನ ಗೀಜು ಒಣಗಿ ಅಂಟಿಕೊಂಡಿದ್ದರೆ ಎಳೆಯಬೇಡಿ. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಕಣ್ಣಿನ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಗೆ ಒರೆಸಿ. ಇನ್ನೊಂದು ಕಣ್ಣಿಗೆ ಹೊಸ ಹತ್ತಿ. ಮನೆಯಲ್ಲಿ ಉಳಿದ ಯಾವುದೋ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹರ್ಪಿಸ್‌ನಿಂದ ಕಣ್ಣಲ್ಲಾದ ಹುಣ್ಣು ಇನ್ನೂ ಕೆಡುತ್ತದೆ.

ಮೂಗು ಬಿಟ್ಟ ಕೂಡಲೇ ಊಟ ಇಡಿ. ವಾಸನೆ ಹತ್ತದಿದ್ದರೆ ಬೆಕ್ಕು ಬಾಯಿಯೇ ಹಾಕುವುದಿಲ್ಲ. ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನನ್ನೋ ಕೋಳಿಯನ್ನೋ ಮೆತ್ತಗೆ ಹಿಸುಕಿ, ಉಗುರುಬೆಚ್ಚಗೆ ಮಾಡಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ದೊಡ್ಡ ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಕಾಯಬೇಡಿ, ಪಶುವೈದ್ಯರ ಹತ್ತಿರ ಹೋಗಿ. ದಪ್ಪಗಿರುವ ಬೆಕ್ಕು ಕೆಲವೇ ದಿನ ಉಪವಾಸ ಬಿದ್ದರೂ ಲಿವರ್‌ನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ. ಮರಿಗಳ ವಿಷಯದಲ್ಲಿ ಅಷ್ಟು ಹೊತ್ತೂ ತಡೆಯಬಾರದು. ಬಾಯಿ ತೆರೆದು ಉಸಿರಾಡುತ್ತಿದ್ದರಂತೂ ಆಗಲೇ ಹೊರಡಿ.

ಜ್ವರ ಇದೆ ಅಂತ ಪ್ಯಾರಾಸಿಟಮಾಲ್ ಕೊಟ್ಟೀರಿ, ಜೋಕೆ! ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ವೈದ್ಯರು ಬರೆಯುವ ಆ್ಯಂಟಿಬಯಾಟಿಕ್ ವೈರಸ್‌ಗಲ್ಲ, ಅದರ ಬೆನ್ನಿಗೆ ಬರುವ ಬ್ಯಾಕ್ಟೀರಿಯಾಕ್ಕೆ. ಅದು ಡಾಕ್ಸಿಸೈಕ್ಲಿನ್ ಮಾತ್ರೆಯಾದರೆ ನುಂಗಿಸಿದ ಮೇಲೆ ಸಿರಿಂಜಿನಲ್ಲಿ ಸ್ವಲ್ಪ ನೀರು ಕುಡಿಸಿ. ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಳಗೆ ಸುಡುತ್ತದೆ.

ನೆಲ ಒರೆಸಲು ಫಿನಾಯಿಲ್ ಬಳಸಬೇಡಿ, ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ ಅಲ್ವಾ? ಹರ್ಪಿಸ್ ಹೊರಗೆ ಒಂದು ದಿನವೂ ಬದುಕುವುದು ಕಷ್ಟ. ಕ್ಯಾಲಿಸಿ ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಮನೆಬಳಕೆಯ ಬ್ಲೀಚ್ ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನೆಲ ಒಣಗುವ ತನಕ ಬೆಕ್ಕನ್ನು ಒಳಗೆ ಬಿಡಬೇಡಿ.

ಮರಿಗೆ ಲಸಿಕೆ 6-8 ವಾರಕ್ಕೆ ಶುರು. 16 ವಾರ ತುಂಬುವ ತನಕ 3-4 ವಾರಕ್ಕೊಮ್ಮೆ, ಮುಂದೆ ವೈದ್ಯರು ಹೇಳಿದಾಗ ಬೂಸ್ಟರ್. ಲಸಿಕೆ ಹಾಕಿಸಿದರೂ ಫ್ಲೂ ಬರಬಹುದು, ಆದರೆ ಜೋರಾಗಿ ಬರುವುದಿಲ್ಲ. ಇನ್ನೊಂದು ವಿಷಯ: ಒಮ್ಮೆ ಬಂದ ಹರ್ಪಿಸ್ ಮೈಯಲ್ಲೇ ಅಡಗಿರುತ್ತದೆ. ಮನೆ ಬದಲಾಯಿಸಿದಾಗ, ಹೊಸ ಬೆಕ್ಕು ತಂದಾಗ, ಊರಿಗೆ ಹೋಗಿ ಬೋರ್ಡಿಂಗ್‌ನಲ್ಲಿ ಬಿಟ್ಟಾಗ ಒಂದು ವಾರದ ಆಚೀಚೆ ಸೀನು ಮತ್ತೆ ಶುರುವಾಗಬಹುದು. ಆಗಲೂ ಬೇರೆ ಕೋಣೆ, ಹಬೆ, ಬೆಚ್ಚಗಿನ ಮೀನು.