‘ಊಟ ಆತೇನ ತಂಗಿ?’

ಹುಬ್ಬಳ್ಳಿಯ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನಾನು ಡಯಾಬಿಟಿಸ್ ಎಜುಕೇಟರ್. ಟೈಪ್ 1 ಡಯಾಬಿಟಿಸ್, ಅಂದರೆ ದಿನಾ ಇನ್ಸುಲಿನ್ ಬೇಕೇ ಬೇಕಾದ ಸಕ್ಕರೆ ಕಾಯಿಲೆ ಇರುವ ಮಕ್ಕಳು ಇಲ್ಲಿಗೆ ಬರುತ್ತಾರೆ, ಹೆಚ್ಚಾಗಿ ಕುಂದಗೋಳ, ನವಲಗುಂದ, ಶಿಗ್ಗಾಂವಿ ಕಡೆಯವರು. ಮುಖ ನೋಡುವುದು ಮೂರು ತಿಂಗಳಿಗೊಮ್ಮೆ. ಅದಕ್ಕೇ ವಾಟ್ಸಾಪ್ ಶುರು ಮಾಡಿದೆ.

ಮೊದಲು ಮಾಡಿದ್ದು ದಡ್ಡತನ. ಎಲ್ಲರನ್ನೂ ಒಂದೇ ಗ್ರೂಪಿಗೆ ಹಾಕಿ, ಬೆಳಿಗ್ಗೆ ಏಳಕ್ಕೆ ‘ಶುಗರ್ ಎಷ್ಟು?’ ಎಂದು ಕೇಳುತ್ತಿದ್ದೆ. ಪಿಯುಸಿ ಹುಡುಗನೊಬ್ಬ ದಿನಾ 110, 115, 108 ಎಂದು ಬರೆಯುತ್ತಿದ್ದ. ಚೆಂದದ ನಂಬರು. ಆದರೆ ಎರಡು–ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಶೇ 11 ಬಂತು, ಅಂದರೆ ಶುಗರ್ ತುಂಬಾ ಜಾಸ್ತಿ! ಅವನ ಗ್ಲುಕೋಮೀಟರಿನ ಮೆಮೊರಿ ತೆಗೆದು ನೋಡಿದೆ. ಹದಿನೈದು ದಿನದಿಂದ ಒಂದು ಸ್ಟ್ರಿಪ್ಪೂ ಹಾಕಿರಲಿಲ್ಲ. ‘ಗ್ರೂಪಿನಾಗ ಎಲ್ಲಾರೂ ನೋಡ್ತಾರಲ್ರೀ ಅಕ್ಕಾರ’ ಎಂದ. ಅವನನ್ನು ಬೈದು ಏನು ಮಾಡಲಿ, ಹಾಗೆ ಕೇಳಿದವಳು ನಾನೇ ಅಲ್ವಾ?

ಇನ್ನೊಬ್ಬ ಹುಡುಗಿಯದು ಬೇರೆ ಕಷ್ಟ. ಫೋನು ಅಪ್ಪನದು, ಮನೆಗೆ ಬಂದ ನೆಂಟರೂ ಎತ್ತಿ ನೋಡುತ್ತಾರೆ. ‘ಶುಗರ್ ಅಂತ ಬರೀಬ್ಯಾಡ್ರಿ, ನಾಳೆ ವರ ಹುಡುಕೂದು ಕಷ್ಟ ಆಗ್ತೈತಿ’ ಎಂದು ಅವಳ ಅವ್ವ ನನ್ನ ಕೈ ಹಿಡಿದುಕೊಂಡರು.

ಗ್ರೂಪು ಮುಚ್ಚಿದೆ. ಒಬ್ಬೊಬ್ಬರಿಗೇ, ಅವರವರ ಹೊತ್ತು ನೋಡಿ ಬರೆಯತೊಡಗಿದೆ. ಬೆಳಿಗ್ಗೆ ಬಸ್ಸಿಗೆ ಓಡುವವನಿಗೆ ರಾತ್ರಿ. ಆ ಹುಡುಗಿಗೆ ಬರೀ ‘ಊಟ ಆತೇನ ತಂಗಿ?’ ಅವಳು ‘ಆತ್ರಿ’ ಅಂದರೆ ಊಟಕ್ಕೆ ಮುಂಚಿನ ಇನ್ಸುಲಿನ್ ಆಗಿದೆ ಅಂತ ನಮ್ಮಿಬ್ಬರ ಲೆಕ್ಕ. ನಂಬರು ಕೇಳಿದಾಗ ಸುಳ್ಳು ಹೇಳುತ್ತಿದ್ದವರೇ ಏನು ತಿಂದಿ ಅಂದರೆ ನಿಜ ಹೇಳುತ್ತಾರೆ: ‘ಗಿರ್ಮಿಟ್, ಎರಡು ಮಿರ್ಚಿ, ಮ್ಯಾಲೊಂದು ಪೇಡೆ.’ ಡೋಸ್ ಮಾತ್ರ ಮೆಸೇಜಿನಲ್ಲಿ ಬದಲಿಸುವುದಿಲ್ಲ. ಅದಕ್ಕೆ ಡಾಕ್ಟರೇ ಬೇಕು.

ಸ್ಕಾಟ್ಲೆಂಡಿನ ಡಂಡೀಯಲ್ಲಿ ‘ಸ್ವೀಟ್ ಟಾಕ್’ ಹೆಸರಿನಲ್ಲಿ ಹೀಗೇ ಮಕ್ಕಳಿಗೆ ಎಸ್ಸೆಮ್ಮೆಸ್ ಕಳಿಸಿ, 2006ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ್ದರು. ಬರೀ ಮೆಸೇಜಿನಿಂದ ಎಚ್‌ಬಿಎ1ಸಿ ಇಳಿದಿರಲಿಲ್ಲ, ಜೊತೆಗೆ ಇನ್ಸುಲಿನ್ ಚಿಕಿತ್ಸೆಯನ್ನೂ ಬಿಗಿ ಮಾಡಿದವರಲ್ಲಿ ಇಳಿದಿತ್ತು. ಇಲ್ಲೂ ಹಾಗೇ. ಮೆಸೇಜು ಮದ್ದಲ್ಲ.

ಒಂದು ರಾತ್ರಿ ಹತ್ತೂಮುಕ್ಕಾಲಿಗೆ ಅದೇ ಪಿಯುಸಿ ಹುಡುಗ ಬರೆದ: ‘ಕೈ ನಡಗಾಕತ್ತಾವ್ರಿ. 58.’ 70ಕ್ಕಿಂತ ಕೆಳಗೆ ಹೋದರೆ ‘ಲೋ’, ಅಂದರೆ ಶುಗರ್ ತೀರಾ ಇಳಿದಂತೆ. ‘ನೀರಿಗೆ ಮೂರು ಚಮಚ ಸಕ್ಕರಿ ಹಾಕಿ ಕುಡಿ ತಮ್ಮಾ, ಅಪ್ಪನ್ನ ಎಬ್ಬಿಸು, 15 ನಿಮಿಷ ಬಿಟ್ಟು ಮತ್ತ ನೋಡು’ ಎಂದೆ. ಫೋನು ಕೈಯಲ್ಲೇ ಹಿಡಿದು ಕೂತೆ. ಆಮೇಲೆ ಮೀಟರಿನ ಫೋಟೋನೇ ಬಂತು: 96. ಕೆಳಗೆ ‘ಈಗ ಅರ್ಧಾ ರೊಟ್ಟಿ ತಿಂತೇನ್ರಿ.’